ತಪ್ಪುಚೀಟಿ ಗುಲಾಬಿ

ನಮ್ಮೂರಲ್ಲಿ ಯಾರ ಮನೆ ಮುಂದೆ ನಿಂತರೂ ಒಂದು ತಪ್ಪುಚೀಟಿ ಗಿಡ ಕಣ್ಣಿಗೆ ಬೀಳುತ್ತದೆ. ಕುಂಡದಲ್ಲಿ, ಎಣ್ಣೆ ಡಬ್ಬದಲ್ಲಿ, ಒಡೆದ ಬಕೆಟ್ಟಿನಲ್ಲಿ, ಕ್ಷೌರದಂಗಡಿಯ ಮೆಟ್ಟಿಲ ಮೇಲಾದರೆ ಹಿಡಿ ಮುರಿದ ಕುಕ್ಕರಿನಲ್ಲಿ. ಗುಲಾಬಿಗೆ ಇದೆಂಥ ಹೆಸರು ಎಂದು ಹೊರಗಿನವರು ಕೇಳುವುದೇ ತಡ, ಊರಿನವರು ಕಥೆ ಶುರುಮಾಡುತ್ತಾರೆ. ಬೇಕರಿಯವನ ಪ್ರಕಾರ ಯಾರೋ ಪ್ರೇಮಪತ್ರವನ್ನು ತಪ್ಪು ಮನೆಗೆ ಹಾಕಿದ್ದರಂತೆ. ದರ್ಜಿಯ ಪ್ರಕಾರ ಕೆಂಪು ಶಾಯಿಯ ಬಾಟಲಿ ಗಿಡದ ಬುಡಕ್ಕೆ ಮಗುಚಿತ್ತಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಇವರ ಕಥೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಆ ಚೀಟಿ ಬರೆದವರು ನನ್ನ ಮಾವ, ಆ ಗಿಡಕ್ಕೆ ಕಸಿ ಕಟ್ಟಿದವಳು ನನ್ನ ಅತ್ತೆ.

ಮೊದಲು ಹೂವಿನ ವಿಷಯ ಹೇಳಿಬಿಡುತ್ತೇನೆ. ಇದು ಮೂರು ದಿನದ ಹೂ. ಅರಳಿದ ದಿನ ಹಾಲುಬಿಳುಪು. ಮರುದಿನ ಅಂಚಿನಿಂದ ಹಿಡಿದು ನಸುಗೆಂಪು. ಮೂರನೆಯ ದಿನ ಸಂಜೆ ಹೊತ್ತಿಗೆ ಪೂರ್ತಿ ಕೆಂಪು. ನಾಲ್ಕನೆಯ ದಿನ ಎಸಳು ಉದುರುತ್ತವೆ. ತಪ್ಪು ಮಾಡಿದವರಿಗೆ ಬಾಯಿಬಿಟ್ಟು ಹೇಳಿಕೊಳ್ಳಲು ಆಗದಿದ್ದರೆ ಅವತ್ತು ಅರಳಿದ ಒಂದು ಬಿಳಿ ಹೂವನ್ನು ಎದುರಿನವರ ಮೇಜಿನ ಮೇಲೋ ಕಿಟಕಿಯಲ್ಲೋ ಸ್ಕೂಟರಿನ ಸೀಟಿನ ಮೇಲೋ ಇಟ್ಟು ಬರುತ್ತಾರೆ. ಇಟ್ಟವರ ಕೆಲಸ ಅಲ್ಲಿಗೆ ಮುಗಿಯಿತು. ಉದುರುವುದರೊಳಗೆ ಎದುರಿನವರು ಅದನ್ನು ಕೈಗೆತ್ತಿಕೊಂಡರೆ ಕ್ಷಮಿಸಿದ ಹಾಗೆ, ಮುಟ್ಟದೆ ಬಿಟ್ಟರೆ ಮಾತು ಬಿಟ್ಟ ಹಾಗೆ. ನಮ್ಮ ಬೀದಿಯ ಇಬ್ಬರು ವಕೀಲರು ಹನ್ನೊಂದು ವರ್ಷದಿಂದ ಮಾತಾಡುತ್ತಿಲ್ಲ. ಒಬ್ಬರು ಹೂ ಇಟ್ಟಿದ್ದರು, ಇನ್ನೊಬ್ಬರು ಎತ್ತಿಕೊಳ್ಳುವ ಮೊದಲೇ ಆಡು ತಿಂದುಹೋಯಿತು. ಆಡಿನ ಯಜಮಾನನ ಮೇಲೆ ಇಬ್ಬರೂ ಬೇರೆ ಬೇರೆ ಕೇಸು ಹಾಕಿದ್ದಾರೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ಮಾವ ಅವಳ ಗಂಡ. ಪುರಸಭೆಯ ಸಸಿತೋಟದಲ್ಲಿ ಮೂವತ್ತೈದು ವರ್ಷ ಗುಲಾಬಿಗೆ ಕಸಿ ಕಟ್ಟಿ ಕಳೆದ ವರ್ಷ ನಿವೃತ್ತಳಾದಳು. ಗುಲಾಬಿಯ ಕಸಿ ಎಂದರೆ ಕಣ್ಣು ಕಸಿ. ಒಳ್ಳೆಯ ಜಾತಿಯ ಕಡ್ಡಿಯಿಂದ ಒಂದು ಮೊಗ್ಗೆಯನ್ನು, ಅದಕ್ಕೆ ಕಣ್ಣು ಅನ್ನುತ್ತಾರೆ, ಸಿಪ್ಪೆ ಸಮೇತ ಚೂರಿಯಿಂದ ಎಬ್ಬಿಸಬೇಕು. ಕಾಡುಗುಲಾಬಿ ಗಿಡದ ಬುಡದಲ್ಲಿ ಗೀರು ಹಾಕಿ, ಸಿಪ್ಪೆ ಬಿಡಿಸಿ, ಕಣ್ಣನ್ನು ಒಳಗೆ ಕೂರಿಸಿ ಪಟ್ಟಿ ಸುತ್ತಬೇಕು. ಗೀರು ಹಾಕುವಷ್ಟು ಹೊತ್ತಿನಲ್ಲೇ ಕಣ್ಣು ಒಣಗಿಬಿಡಬಹುದು. ಅದಕ್ಕೇ ಅತ್ತೆ ಅದನ್ನು ತುಟಿಗಳ ಮಧ್ಯೆ ಹಿಡಿದುಕೊಳ್ಳುತ್ತಿದ್ದಳು. ಎಚ್ಚರವಿದ್ದಾಗ ಅವಳು ಬಾಯಿ ಮುಚ್ಚಿರುತ್ತಿದ್ದದ್ದು ಆಗ ಮಾತ್ರ. ಸಸಿತೋಟದ ಮೇಸ್ತ್ರಿ ಅವಳ ಹತ್ತಿರ ಏನಾದರೂ ದೂರು ಹೇಳಬೇಕಿದ್ದರೆ ಅವಳು ಕಣ್ಣು ಕಚ್ಚಿಕೊಳ್ಳುವ ತನಕ ಕಾಯ್ದಿದ್ದು, ಪಟಪಟನೆ ಹೇಳಿ, ಓಡಿಹೋಗುತ್ತಿದ್ದನಂತೆ.

ಅವಳ ಕೈಗುಣ ಅಂಥದು. ನೂರು ಕಟ್ಟಿದರೆ ತೊಂಬತ್ತೆಂಟು ಹಿಡಿಯುತ್ತಿದ್ದವು, ಉಳಿದೆರಡಕ್ಕೆ ಅವಳ ಹತ್ತಿರ ಸರಿಯಾದ ಕಾರಣ ಇರುತ್ತಿತ್ತು, ಆ ಕಾರಣ ಯಾವತ್ತೂ ಬೇರೆಯವರು. ತಪ್ಪು ಒಪ್ಪಿಕೊಳ್ಳುವುದು ಅವಳ ಜಾತಕದಲ್ಲೇ ಇಲ್ಲ. ಒಮ್ಮೆ ಮಾವನ ಹೊಸ ಅಂಗಿಯ ಕಾಲರನ್ನು ಇಸ್ತ್ರಿಪೆಟ್ಟಿಗೆಯಿಂದ ಸುಟ್ಟಳು. ಅಂಗಿಯನ್ನು ಎತ್ತಿ ಹಿಡಿದು, ಕಾಲರು ಅಲ್ಲಿ ಏನು ಮಾಡುತ್ತಿತ್ತು ಎಂದು ಮಾವನನ್ನೇ ಕೇಳಿದಳು. ಮಾವ ಪಾಪ, ತಪ್ಪಾಯಿತು ಎಂದರು. ಊರಿಗೆಲ್ಲ ತಪ್ಪಾಯಿತು ಹೂವಿನ ಗಿಡ ಮಾಡಿಕೊಟ್ಟವಳು ತಾನು ಒಂದೇ ಒಂದು ಹೂವನ್ನೂ ಯಾರಿಗೂ ಇಟ್ಟವಳಲ್ಲ.

ಮಾವನದು ಅದೇ ಸಸಿತೋಟದಲ್ಲಿ ಚೀಟಿ ಬರೆಯುವ ಕೆಲಸ. ಚೀಟಿ ಎಂದರೆ ಕಾಗದವಲ್ಲ, ಬೆರಳಗಲದ ತಗಡಿನ ಪಟ್ಟಿ. ಅದರ ಮೇಲೆ ಕಪ್ಪು ಬಣ್ಣದಲ್ಲಿ ಗಿಡದ ಹೆಸರು ಬರೆದು ತಂತಿಯಿಂದ ಕೊಂಬೆಗೆ ಕಟ್ಟಬೇಕು. ಅವರ ಕುಂಚದಲ್ಲಿ ಎಣಿಸಿದರೆ ಹನ್ನೆರಡು ಕೂದಲು ಸಿಗುತ್ತಿರಲಿಲ್ಲ. ಅದರಲ್ಲೇ ಎಷ್ಟು ದುಂಡಗಿನ ಅಕ್ಷರ ಬರೆಯುತ್ತಿದ್ದರು ಎಂದರೆ ನಾನು ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಅವರ ಮೊಣಕಾಲ ಪಕ್ಕದಲ್ಲಿ. ಇವತ್ತು ನಾನು ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ ಎಂದರೆ ಅದು ಅವರ ಕೃಪೆ. ಮೆತ್ತಗಿನ ಮನುಷ್ಯ. ನಾಯಿಗೂ ಬಹುವಚನದಲ್ಲಿ ಮಾತಾಡುತ್ತಾರೆ.

ಈಗ ಗುಲಾಬಿ ಹುಟ್ಟಿದ ಕಥೆ. ಮೂವತ್ತೆರಡು ವರ್ಷದ ಹಿಂದೆ ಊರಿನ ನೂಲಿನ ಗಿರಣಿಯವರು ಕೆಲಸಗಾರರಿಗೆಂದು ಅರವತ್ತು ಮನೆ ಕಟ್ಟಿಸಿದರು. ಪ್ರತಿ ಮನೆಯ ಮುಂದೂ ಒಂದು ಗುಲಾಬಿ ಇರಬೇಕು, ಅರವತ್ತೂ ಅಚ್ಚ ಬಿಳಿ ಇರಬೇಕು ಎಂದು ಗಿರಣಿಯ ಒಡತಿಗೆ ಹಟ. ಸಸಿತೋಟಕ್ಕೆ ಹೇಳಿ ಕಳಿಸಿದರು. ಅತ್ತೆ ಅರವತ್ತು ಗಿಡಕ್ಕೆ ಕಸಿ ಕಟ್ಟಿದಳು, ಮಾವ ಬಿಳಿ ಗುಲಾಬಿಯ ಹೆಸರಿನ ಅರವತ್ತು ಚೀಟಿ ಬರೆದು ಕಟ್ಟಿದರು, ಗಿಡಗಳು ಗಾಡಿ ಹತ್ತಿ ಹೋದವು. ಆಗ ಅವರಿಬ್ಬರಿಗೆ ಇನ್ನೂ ಮದುವೆಯಾಗಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಒಡತಿ ಕಾರಿನಲ್ಲಿ ಬಂದು ನೋಡಿದರು. ಮೊದಲ ಹೂಗಳು ಅರಳಿದ್ದವು, ಎಲ್ಲ ಬಿಳಿ. ಸಂತೋಷದಿಂದ ಹೋಗಿ ಬುಧವಾರ ಸಂಜೆ ನಾಲ್ಕು ಕಾರು ತುಂಬ ಅತಿಥಿಗಳನ್ನು ಕರೆತಂದರು. ನೋಡಿ ನಮ್ಮ ಬಿಳಿ ಗುಲಾಬಿಯ ಸಾಲು ಎಂದು ಕೈ ಚಾಚಿದರೆ ಈ ತುದಿಯಿಂದ ಆ ತುದಿಯವರೆಗೆ ಕೆಂಪೋ ಕೆಂಪು. ಕೆಲಸಗಾರರು ಮಾತಾಡಿಕೊಂಡು ತನ್ನನ್ನು ಗೇಲಿ ಮಾಡಿದ್ದಾರೆ ಎಂದೇ ಆಕೆ ತಿಳಿದರು. ಅತಿಥಿಗಳ ಮುಖದಲ್ಲಿ ನಗು ತಡೆಯುವ ಕಷ್ಟ ಕಾಣುತ್ತಿತ್ತಂತೆ.

ಸಸಿತೋಟದಲ್ಲಿ ವಿಚಾರಣೆ ನಡೆಯಿತು. ಆಗಿನ ಸಾಹೇಬರು ಮೊದಲು ಅತ್ತೆಯನ್ನು ಕರೆದು ಕೇಳಿದರು. ಅತ್ತೆ ಸೊಂಟಕ್ಕೆ ಚೂರಿ ಸಿಕ್ಕಿಸಿಕೊಂಡೇ ನಿಂತು ಉತ್ತರ ಕೊಟ್ಟಳು.

"ನನ್ನ ಕಸಿ ಸರಿಯಾಗೇ ಇತ್ತು. ತಪ್ಪಿರೋದು ಚೀಟೀಲಿ."

ಮಾವನನ್ನು ಕರೆದರು. ಹೊರಗಿನಿಂದ ಬಂದ ಹೆಸರಿಲ್ಲದ ಗುಲಾಬಿಗಳ ಸಾಲೊಂದು ಪಕ್ಕದಲ್ಲೇ ಇತ್ತು, ಬಿಳಿಯ ಚೀಟಿ ಅದಕ್ಕೆ ಬಿದ್ದಿರಬೇಕು ಎಂದು ಸಾಹೇಬರೇ ತೀರ್ಮಾನವನ್ನೂ ಹೇಳಿದರು. ಮಾವ, ಇರಬಹುದು ಸಾರ್ ಎಂದರು. ಆ ತಿಂಗಳು ಅವರ ತಲೆ ನೆಟ್ಟಗಿರಲಿಲ್ಲವಂತೆ. ಕಸಿ ಕಟ್ಟುವ ಹುಡುಗಿಯೊಬ್ಬಳು ಬಾಯಲ್ಲಿ ಕಣ್ಣು ಕಚ್ಚಿಕೊಂಡು ಕೂತದ್ದನ್ನು ನೋಡುತ್ತ ಅವರು ಕುಂಚವನ್ನು ಬಣ್ಣದ ಡಬ್ಬಕ್ಕೆ ಬದಲು ಟೀ ಲೋಟಕ್ಕೆ ಅದ್ದಿದ್ದೂ ಉಂಟು. ಹಾಗಾದರೆ ಬಿಳಿ ಗಿಡಗಳು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ. ಕಚೇರಿಗೆ ತಪ್ಪು ಮಾಡಿದವನು ಸಿಕ್ಕರೆ ಸಾಕು, ತಪ್ಪು ಹೇಗಾಯಿತು ಎಂಬುದು ಯಾರಿಗೂ ಬೇಡ.

ಶಿಕ್ಷೆ ಏನೆಂದರೆ ಮಾವ ಅರವತ್ತು ಮನೆಗೂ ಹೋಗಿ, ಬಾಗಿಲು ತಟ್ಟಿ, ತಪ್ಪಾಯಿತು ಎಂದು ಹೇಳಿ, ಹಳೆಯ ಗಿಡ ಕಿತ್ತು ಬಿಳಿಯದನ್ನು ನೆಟ್ಟು ಬರಬೇಕು. ಬಿಳಿಯವನ್ನು ಅತ್ತೆ ಹೊಸದಾಗಿ ಕಟ್ಟಿಕೊಟ್ಟಳು. ಮಾವ ಸೈಕಲ್ಲಿನ ಹಿಂದೆ ಎರಡೆರಡು ಗಿಡ ಕಟ್ಟಿಕೊಂಡು ಹೊರಟರು. ಮೊದಲನೆಯ ಮನೆಯಲ್ಲಿ ನೂಲು ಸುತ್ತುವ ಹೆಂಗಸೊಬ್ಬಳಿದ್ದಳು. ಮಾವ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಗಿಡಕ್ಕೆ ಅಡ್ಡ ನಿಂತಳು.

"ಕಚೇರಿಯವರು ತಪ್ಪಾಯ್ತು ಅಂತ ನಮ್ಮ ಬಾಗಿಲಿಗೆ ಬಂದಿದ್ದು ಇದೇ ಮೊದಲು ಕಣಪ್ಪ. ಸಾಕ್ಷಿಗೆ ಗಿಡ ಇಲ್ಲೇ ಇರ್ಲಿ."

ಎರಡನೆಯ ಮನೆಯವರೂ ಕೊಡಲಿಲ್ಲ, ಅರವತ್ತನೆಯ ಮನೆಯವರೂ ಕೊಡಲಿಲ್ಲ. ಮಾವ ಎರಡು ತಿಂಗಳು ಸೈಕಲ್ ತುಳಿದು, ಅರವತ್ತು ಸಲ ತಪ್ಪಾಯಿತು ಎಂದು, ಅರವತ್ತು ಬಿಳಿ ಗಿಡಗಳನ್ನೂ ವಾಪಸು ತಂದರು. ಆ ಸಾಲಿನ ಮನೆಯವರು ಜಗಳವಾದಾಗ ಪಕ್ಕದ ಮನೆಗೆ ಒಂದು ಹೂ ಇಟ್ಟುಬರುವುದನ್ನು ಶುರುಮಾಡಿದರು. ಅಲ್ಲಿಂದ ಕಡ್ಡಿ ಊರೆಲ್ಲ ಹರಡಿತು. ಸಸಿತೋಟಕ್ಕೆ ಬಂದವರು ಆ ತಪ್ಪುಚೀಟಿ ಗುಲಾಬಿ ಕೊಡಿ ಎಂದು ಕೇಳತೊಡಗಿದರು. ಹೂವಿಗೆ ಆ ಹೆಸರು ನಿಂತಿತು, ಮಾವನಿಗೂ ಅದೇ ಹೆಸರು ನಿಂತಿತು.

ಆ ಎರಡು ತಿಂಗಳು ಅತ್ತೆ ದಿನಾ ಮಾವನಿಗೆ ಊಟದ ಡಬ್ಬಿ ತಂದುಕೊಟ್ಟಳು. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು ಇದ್ದಕ್ಕಿದ್ದ ಹಾಗೆ ಯಾಕೆ ಕರಗಿದಳು ಎಂದು ಯಾರಿಗೂ ತಿಳಿಯಲಿಲ್ಲ. ಮಾವ ಅದನ್ನು ಪ್ರೀತಿ ಎಂದುಕೊಂಡರು, ಮರುವರ್ಷ ಮದುವೆಯಾಯಿತು. ಹೂವೂ ಸಿಕ್ಕಿತು ಹೆಂಡತಿಯೂ ಸಿಕ್ಕಳು, ಎಲ್ಲರಿಗೂ ಇಂಥ ತಪ್ಪು ಮಾಡಲು ಬರುವುದಿಲ್ಲ ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗೆ ಹೇಳುವಾಗ ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಇಡುತ್ತಿದ್ದಳು. ನಾಚಿಕೆ ಎಂದು ನಾವು ನಗುತ್ತಿದ್ದೆವು.

ಆದರೆ ಆ ತಪ್ಪು ಮಾವನಿಗೆ ಒಂದು ಚಾಳಿ ಅಂಟಿಸಿಬಿಟ್ಟಿತು. ಯಾವುದನ್ನೂ ಒಂದು ಸಲ ಓದಿ ಬಿಡುವುದಿಲ್ಲ. ಚೀಟಿ ಬರೆದು, ಓದಿ, ಗಿಡಕ್ಕೆ ಒಂದು ಸುತ್ತು ಹಾಕಿ ಬಂದು ಮತ್ತೆ ಓದುತ್ತಿದ್ದರು. ಮನೆಯಲ್ಲೂ ಅಷ್ಟೇ. ಉಪ್ಪಿನ ಡಬ್ಬಿ ಮೇಲೆ ಉಪ್ಪು ಎಂದು ಬರೆದದ್ದನ್ನು ಎರಡು ಸಲ ಓದಿ, ಆಮೇಲೂ ಒಂದು ಚಿಟಿಕೆ ನಾಲಿಗೆಗೆ ಹಾಕಿ ನೋಡುತ್ತಾರೆ. ಬಸ್ಸಿನ ಬೋರ್ಡು ಎರಡನೇ ಸಲ ಓದುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಇದರ ಮೇಲೆ ನಾವು ಮಾಡದ ತಮಾಷೆ ಇಲ್ಲ. ನಾನೇ ಹೆಚ್ಚು ಮಾಡಿದವಳು, ಅದಕ್ಕೆ ಈಗ ನನಗೆ ನಾಚಿಕೆಯಿದೆ.

ಇದೇ ವರ್ಷ ಪುರಸಭೆಯವರು ದೊಡ್ಡ ಪಾರ್ಕಿನಲ್ಲಿ ತಪ್ಪುಚೀಟಿ ಗುಲಾಬಿಗೆಂದೇ ಒಂದು ಮೂಲೆ ಮಾಡಿದರು. ಈಗಿನ ತೋಟದ ಅಧಿಕಾರಿಣಿ ಮೇಡಂ ನನ್ನನ್ನು ಕರೆಸಿ ಕಬ್ಬಿಣದ ಬೋರ್ಡೊಂದನ್ನು ಬರೆಯಲು ಹೇಳಿದರು. ನಾಲ್ಕೇ ಸಾಲು. ಹೂವಿನ ಹೆಸರು, ಬಣ್ಣ ಬದಲಾಗುವ ಬಗೆ, ಹುಟ್ಟಿದ ರೀತಿ, ಊರಿನವರು ಕೊಟ್ಟ ಅರ್ಥ. ಶನಿವಾರ ಸಂಜೆ ತೆರೆಯುವ ಕಾರ್ಯಕ್ರಮ, ಅತ್ತೆ ಮಾವ ಇಬ್ಬರನ್ನೂ ಕರೆಯಬೇಕು, ಅತ್ತೆ ಎರಡು ಮಾತಾಡಬೇಕು.

ಬುಧವಾರ ಸಂಜೆ ಅವರ ಮನೆಗೆ ಹೋಗಿ ಬರೆದುಕೊಂಡದ್ದನ್ನು ಓದಿದೆ. ಮೂರನೆಯ ಸಾಲು, ಚೀಟಿ ಬರೆಯುವವರ ತಪ್ಪಿನಿಂದ ಈ ಗುಲಾಬಿ ಊರಿಗೆ ಬಂತು ಎಂದಿತ್ತು. ಮಾವನ ಮುಖ ನೋಡಬೇಕಿತ್ತು. ಪೂರ್ತಿ ಹೆಸರು ಹಾಕು, ಇನಿಷಿಯಲ್ ಸಮೇತ ಹಾಕು ಎಂದರು. ಕಾಗದ ಇಸಿದುಕೊಂಡು ಎರಡು ಸಲ ಓದಿದರು, ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ. ಅತ್ತೆ ಕಿಟಕಿಯ ಹತ್ತಿರ ಕೂತು ಕಸಿ ಚೂರಿಯನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಬಾಯಲ್ಲಿ ಕಣ್ಣು ಇಲ್ಲದೆ ಅವಳು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗುರುವಾರ ಬೆಳಿಗ್ಗೆ ಅಕ್ಷರದ ಅಳತೆ ತೋರಿಸಲು ಮತ್ತೆ ಹೋದೆ. ಮಾವ ಬರೆಯುವ ಮೇಜಿನ ಮುಂದೆ ನಿಂತಿದ್ದರು. ಮೇಜಿನ ಮೇಲೆ, ಕುಂಚಗಳ ಪಕ್ಕದ ಲೋಟದಲ್ಲಿ, ಆಗಷ್ಟೇ ಅರಳಿದ ಒಂದು ಬಿಳಿ ತಪ್ಪುಚೀಟಿ ಇತ್ತು. ನೀನು ಇಟ್ಟೆಯಾ ಎಂದು ನನ್ನನ್ನು ಕೇಳಿದರು. ನಾನಲ್ಲ ಎಂದೆ. ಆ ಮನೆಯಲ್ಲಿ ಉಳಿದವಳು ಒಬ್ಬಳೇ. ಮಾವ ಗಾಬರಿಯಿಂದ, ನಿನಗೆ ಹುಷಾರಿಲ್ಲವಾ ಎಂದು ಅತ್ತೆಯನ್ನು ಕೇಳಿದರು.

ಅತ್ತೆ ನಿಂತುಕೊಂಡೇ ಹೇಳಿದಳು. ಗಿರಣಿಯ ಗಿಡಗಳಿಗೆ ಕಸಿ ಕಟ್ಟಿದ ದಿನ ಅವಳ ಪಕ್ಕದಲ್ಲಿ ಎರಡು ಕಟ್ಟು ಕಡ್ಡಿ ಇದ್ದವು. ಒಂದು, ಒದ್ದೆ ಗೋಣಿಯಲ್ಲಿ ಸುತ್ತಿದ್ದ ಬಿಳಿ ಗುಲಾಬಿಯದು. ಇನ್ನೊಂದು, ಪಂಪ್ ಮನೆಯ ಹಿಂದಿನ ನೆರಳಿನಲ್ಲಿ ಬೆಳೆದಿದ್ದ ಯಾವ ಜಾತಿಯೆಂದು ಗೊತ್ತಿಲ್ಲದ ಗುಲಾಬಿ ಪೊದೆಯದು. ದಾರಿಗೆ ಅಡ್ಡ ಎಂದು ಮೇಸ್ತ್ರಿ ಅದನ್ನು ವರ್ಷವರ್ಷವೂ ಸವರುತ್ತಿದ್ದ, ಅದರ ಹೂವನ್ನು ಕಂಡವರೇ ಇರಲಿಲ್ಲ. ಸವರಿದ ಕಡ್ಡಿಯನ್ನು ಅವನು ಇವಳ ಬುಟ್ಟಿಯ ಪಕ್ಕದಲ್ಲೇ ಎಸೆದಿದ್ದ. ಅದಕ್ಕೆ ಅವನೊಂದಿಗೆ ಅರ್ಧ ಗಂಟೆ ಜಗಳವಾಡಿ, ಸಿಟ್ಟಿನಲ್ಲಿ ಬಂದು ಕೂತು, ಕೈಗೆ ಸಿಕ್ಕ ಕಟ್ಟು ಬಿಚ್ಚಿದಳು. ಎಲೆ ಕಿತ್ತ ಮೇಲೆ ಕಡ್ಡಿಗಳೆಲ್ಲ ಒಂದೇ. ಅರವತ್ತು ಕಟ್ಟಿ ಮುಗಿಸಿ ಎದ್ದಾಗ ಗೋಣಿ ಹಾಗೆಯೇ ಇತ್ತು, ಅದರಲ್ಲಿದ್ದ ಬಿಳಿ ಕಡ್ಡಿ ಒಂದೂ ಖರ್ಚಾಗಿರಲಿಲ್ಲ. ಅದನ್ನು ಗೊಬ್ಬರದ ಗುಂಡಿಯಲ್ಲಿ ಹೂತಳು. ಪೊದೆಯ ಮುದಿ ಕಣ್ಣು ಹೇಗೂ ಹಿಡಿಯುವುದಿಲ್ಲ, ಸಾಯುತ್ತವೆ, ಸತ್ತ ಮೇಲೆ ಬಿಳಿಯದನ್ನು ಹೊಸದಾಗಿ ಕಟ್ಟಿದರಾಯಿತು ಎಂದುಕೊಂಡಳು. ಸಾಯಲಿ ಎಂದು ದಿನಾ ಹೋಗಿ ನೋಡಿದಳಂತೆ. ಒಂದೂ ಸಾಯಲಿಲ್ಲ. ಅರವತ್ತಕ್ಕೆ ಅರವತ್ತೂ ಹಿಡಿದವು. ನೂರಕ್ಕೆ ನೂರು ಅವಳ ಜೀವನದಲ್ಲಿ ಅದೊಂದೇ ಸಲ, ಹೇಳಿಕೊಳ್ಳುವ ಹಾಗಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ಇಲ್ಲಿ ಕಳ್ಳಿ ನೆಟ್ಟಗೆ ನಿಂತಿದ್ದಳು, ಕುಂಬಳಕಾಯಿಯನ್ನೇ ನೋಡದ ಮಾವ ಹೆಗಲು ಮುಟ್ಟಿಕೊಂಡಿದ್ದರು.

"ಬಾಯಲ್ಲಿ ಹೇಳಿದ ಸುಳ್ಳು ಹೇಗೋ ನಡೀತು," ಎಂದಳು ಅತ್ತೆ. "ಕಬ್ಬಿಣದ ಮೇಲೆ ಬರ್ಸೋಕೆ ನನ್ನಿಂದ ಆಗಲ್ಲ. ನಿಮ್ಮ ಹೆಸರು ಇನಿಷಿಯಲ್ ಸಮೇತ ತಪ್ಪಿನ ಪಕ್ಕ ಕೂರೋದು ಬೇಡ. ತಪ್ಪು ನಂದು."

ಮಾವ ನಿರಾಳವಾಗಿ ನಗುತ್ತಾರೆ ಎಂದು ನಾನು ಕಾದೆ. ಅತ್ತೆಯೂ ಹಾಗೇ ಕಾದಿರಬೇಕು. ಅವರು ಕುರ್ಚಿ ಎಳೆದುಕೊಂಡು ಕೂತರು.

"ಹಾಗಾದ್ರೆ ನಾನೇನೂ ತಪ್ಪು ಮಾಡ್ಲಿಲ್ವಾ?"

"ಒಂದೂ ಇಲ್ಲ. ನೀವು ಬರ್ದಿದ್ದೆಲ್ಲ ಸರಿಯಾಗೇ ಇತ್ತು."

"ನಲವತ್ತು ಸಾವಿರ ಚೀಟಿ ಬರ್ದೆ," ಎಂದರು ಮಾವ. "ಸರಿಯಾಗಿ ಬರ್ದಿದ್ದು ಒಂದೂ ಯಾರಿಗೂ ನೆನಪಿಲ್ಲ. ತಪ್ಪಿದ್ದು ಒಂದೇ, ಅದಕ್ಕೆ ಊರು ನನ್ನನ್ನ ಗುರುತಿಟ್ಟುಕೊಳ್ತು. ಈಗ ಅದೂ ನಿಂದೇ ಅಂತೀಯ."

ಮನೆಯಲ್ಲಿ ಕಳವಾದವರ ದನಿಯಲ್ಲಿ ಹೇಳಿದರು. ನನಗೆ ಮೊದಲು ನಗು ಬಂತು. ಆದರೆ ಅವರು ಹೇಳಿದ್ದು ನಿಜ. ಕ್ಷೌರದಂಗಡಿಯಲ್ಲಿ ಅವರನ್ನು ಕಾಯಿಸುವುದಿಲ್ಲ. ಶಾಲೆಯ ಮಕ್ಕಳು ಅವರನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಗಂಡ ಹೆಂಡಿರ ಜಗಳ ಬಿಡಿಸಲು ಜನ ಅವರನ್ನೇ ಕರೆಯುತ್ತಾರೆ, ತಪ್ಪು ಒಪ್ಪಿಕೊಳ್ಳುವುದು ಹೇಗೆ ಎಂದು ಅವರಿಗೆ ಗೊತ್ತು ಎಂದು. ಮೆತ್ತಗಿನ ಮನುಷ್ಯನಿಗೆ ಊರಲ್ಲಿದ್ದ ಜಾಗವೆಲ್ಲ ಆ ತಪ್ಪಿನದು. ಅತ್ತೆ ತನ್ನ ಮಾನ ಕಳೆದುಕೊಂಡು ಅವರ ಮಾನ ಉಳಿಸಲು ಬಂದವಳು, ಅವರ ಹತ್ತಿರ ಇದ್ದದ್ದನ್ನೂ ಕಿತ್ತುಕೊಂಡಿದ್ದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆ ಮಾಡಿದವರು ಆ ಮನೆಗೆ ಬಂದು ನೋಡಬೇಕಿತ್ತು. ಗುರುವಾರ ಉಂಡರು, ಮಲಗಿದರು, ಶುಕ್ರವಾರ ಎದ್ದರು, ಮಾತಿಲ್ಲ. ಹೂ ನಸುಗೆಂಪಾಯಿತು. ಮಾವ ಅದನ್ನು ಮುಟ್ಟಲಿಲ್ಲ, ಆದರೆ ಲೋಟಕ್ಕೆ ನೀರು ಹಾಕಿದರು. ಇದಕ್ಕೆ ಏನು ಅರ್ಥ ಎಂದು ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದಳು. ನೀರು ಹಾಕುವುದಕ್ಕೆ ಊರಲ್ಲಿ ಅರ್ಥ ಇಟ್ಟಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಮೊದಲ ಸಲ ಹೆದರಿದ್ದಳು. ಎಸಳು ಉದುರಿದರೆ ಏನು ಮಾಡಲೇ ಎಂದು ಕೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ನನ್ನ ಕಷ್ಟ ನನಗೆ. ಮೂರನೆಯ ಸಾಲಿನಲ್ಲಿ ಏನು ಬರೆಯಲಿ ಎಂದು ಮಾವನನ್ನು ಕೇಳಿದೆ. ನಿಜ ನಿಜವೇ, ಅವಳದ್ದೇ ತಪ್ಪು ಎಂದು ಬರೆ, ಅವಳೇ ಎಲ್ಲರ ಮುಂದೆ ಹೇಳಲಿ ಎಂದು ಗೋಡೆಗೆ ಹೇಳಿದರು. ಅತ್ತೆಯನ್ನು ಕೇಳಿದರೆ, ಹೇಳುತ್ತೇನೆ, ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಬರೆಯಬೇಡ ಎಂದಳು. ಹಾಗಾಗಿ ಶನಿವಾರ ಸಂಜೆ ಮೂರನೆಯ ಸಾಲು ಖಾಲಿಯಿದ್ದ ಬೋರ್ಡಿಗೆ ಬಟ್ಟೆ ಹೊದಿಸಿ, ಬಣ್ಣದ ಡಬ್ಬಿ ಮತ್ತು ಕುಂಚ ಚೀಲದಲ್ಲಿಟ್ಟುಕೊಂಡು ಪಾರ್ಕಿಗೆ ಹೋದೆ. ಇಪ್ಪತ್ತು ವರ್ಷದಲ್ಲಿ ಅರ್ಧ ಬರೆದ ಬೋರ್ಡು ಒಪ್ಪಿಸಿದ್ದು ಅದೊಂದೇ. ಮೇಡಂಗೆ, ಮೂರನೆಯ ಸಾಲನ್ನು ಎಲ್ಲರ ಎದುರೇ ಬರೆದರೆ ಚೆಂದ ಎಂದು ಬೊಗಳೆ ಬಿಟ್ಟೆ. ಅವರು ಒಳ್ಳೆಯ ಐಡಿಯಾ ಎಂದರು.

ಅತ್ತೆ ಬಂದಳು, ಮುಖ ಬಾಡಿತ್ತು. ಅವಳ ಹಿಂದೆ ಹತ್ತು ಹೆಜ್ಜೆ ಬಿಟ್ಟು ಮಾವ ಬಂದರು. ಅವರ ಅಂಗಿಯ ಜೇಬಿನಲ್ಲಿ ಕಡುಗೆಂಪಾದ ಒಂದು ತಪ್ಪುಚೀಟಿ ಇತ್ತು.

ಅತ್ತೆ ಇನ್ನೂ ತಿರುಗಿ ನೋಡಿರಲಿಲ್ಲ. ಮೇಡಂ ಕರೆದಾಗ ಮೈಕಿನ ಮುಂದೆ ಹೋಗಿ ನಿಂತಳು, ಆಗ ಜನರ ಕಡೆ ತಿರುಗಲೇಬೇಕಾಯಿತು. ಅಷ್ಟರಲ್ಲಿ ಮಾವನ ಸುತ್ತ ಜನ ಸೇರಿದ್ದರು. ನೂಲು ಸುತ್ತುತ್ತಿದ್ದ ಆ ಒಂದನೇ ಮನೆಯ ಹೆಂಗಸು ಈಗ ಮುದುಕಿ. ಕೋಲೂರಿಕೊಂಡು ಬಂದು, ಇವರೇ ನಮ್ಮ ಬಾಗಿಲಿಗೆ ಬಂದವರು ಎಂದು ಮೊಮ್ಮಗಳಿಗೆ ತೋರಿಸುತ್ತಿದ್ದಳು. ಬೇಕರಿಯವನು ಅವರ ಭುಜದ ಮೇಲೆ ಕೈ ಹಾಕಿದ್ದ. ಮಾವ ಎಂದಿನ ಹಾಗೆ ನಗಲು ನೋಡುತ್ತಿದ್ದರು, ಬರುತ್ತಿರಲಿಲ್ಲ. ಇನ್ನು ಎರಡು ನಿಮಿಷದಲ್ಲಿ ಈ ಜನರೆಲ್ಲ ತನ್ನಿಂದ ಸರಿದು ಹೋಗುತ್ತಾರೆ ಎಂದು ಗೊತ್ತಿದ್ದವರ ಹಾಗೆ ಎಲ್ಲರಿಗೂ ತಲೆಯಾಡಿಸುತ್ತಿದ್ದರು. ಅತ್ತೆ ಅದನ್ನು ನೋಡಿದಳು. ಜೇಬಿನ ಹೂವನ್ನೂ ನೋಡಿದಳು. ಮೈಕು ಕುಂಯ್ ಎಂದಿತು.

"ನನ್ನ ಕಸಿ ಸರಿಯಾಗೇ ಇತ್ತು," ಎಂದಳು ಅತ್ತೆ. "ತಪ್ಪಿರೋದು ಚೀಟೀಲಿ."

ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಅವಳು ಮೈಕು ಬಿಡಲಿ ಎಂದು ಮೇಡಂ ಕಾದರು, ಬಿಡಲಿಲ್ಲ.

"ಇವರು ಅದನ್ನ ಒಪ್ಕೊಂಡ್ರು. ಅರವತ್ತು ಮನೆಗೆ ಹೋಗಿ ಹೇಳಿದ್ರು. ನನಗಾಗಿದ್ರೆ ಒಂದು ಮನೆಗೂ ಹೋಗೋಕೆ ಆಗ್ತಿರ್ಲಿಲ್ಲ. ಗಿಡ ಯಾರು ಬೇಕಾದ್ರೂ ಕಟ್ತಾರೆ, ಈ ಹೂವಿಗೆ ಅರ್ಥ ಕೊಟ್ಟೋರು ಇವರು. ಆ ತಪ್ಪು ಇವರದ್ದೇ. ಬೇರೆ ಯಾರೂ ಕೇಳೋಕೆ ಬರಬೇಡಿ."

ಕೊನೆಯ ಮಾತನ್ನು ಜಗಳಕ್ಕೆ ಬಂದವಳ ಹಾಗೆ ಹೇಳಿ ಇಳಿದಳು. ಮೂವತ್ತೆರಡು ವರ್ಷದ ಹಿಂದೆ ತನ್ನನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳನ್ನೇ ಈಗ ಒಂದಕ್ಷರ ಬದಲಿಸದೆ ಅವರಿಗೆ ಕೊಟ್ಟಿದ್ದಳು. ಅದರಲ್ಲಿ ಅವಳ ಜಂಬವೂ ಸ್ವಲ್ಪ ಉಳಿಯಿತು, ಇಲ್ಲ ಅನ್ನುವುದಿಲ್ಲ. ಅತ್ತೆಯಿಂದ ಪೂರ್ತಿ ತ್ಯಾಗ ಬಯಸುವಷ್ಟು ದಡ್ಡಿ ನಾನಲ್ಲ.

ನಾನು ಬಟ್ಟೆ ಸರಿಸಿ ಮೂರನೆಯ ಸಾಲು ಬರೆದೆ. ಮಾವನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಎಲ್ಲರ ಎದುರು ಅವಸರದಲ್ಲಿ ಬರೆದದ್ದರಿಂದ ಒಂದು ಒತ್ತಕ್ಷರ ವಾಲಿದೆ, ಈಗಲೂ ಹೋದರೆ ಕಾಣುತ್ತದೆ. ಮಾವ ಬಂದು ಬೋರ್ಡಿನ ಮುಂದೆ ನಿಂತು ನಾಲ್ಕೂ ಸಾಲು ಓದಿದರು. ಎರಡನೆಯ ಸಲ ಓದುತ್ತಾರೆ ಎಂದು ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಅವರು ಓದಲಿಲ್ಲ, ತಿರುಗಿ ಹೊರಟರು.

ಇದನ್ನೆಲ್ಲ ಬರೆಯುವ ಮೊದಲು ಇಬ್ಬರನ್ನೂ ಕೇಳಿದ್ದೇನೆ. ಪಾರ್ಕಿಗೆ ಬರುವವರು ಪುಸ್ತಕ ಓದುವುದಿಲ್ಲ, ಪುಸ್ತಕ ಓದುವವರು ಪಾರ್ಕಿಗೆ ಬರುವುದಿಲ್ಲ, ಬರೆದುಕೋ ಎಂದರು ಮಾವ. ಅತ್ತೆ, ಇಸ್ತ್ರಿಯ ವಿಷಯ ಬಿಟ್ಟು ಬರೆ ಎಂದಳು.

ಅವತ್ತು ಮೂವರೂ ನಡೆದುಕೊಂಡೇ ಮನೆಗೆ ಬಂದೆವು. ಅತ್ತೆ ಈಗ ಹತ್ತು ಹೆಜ್ಜೆ ಹಿಂದಿದ್ದಳು, ಮಾವ ಏನನ್ನುತ್ತಾರೋ ಎಂದು. ಬೇಕರಿಯ ತಿರುವಿನಲ್ಲಿ ಮಾವ ನಿಂತರು, ಅವಳು ಪಕ್ಕಕ್ಕೆ ಬರುವ ತನಕ ಕಾದರು.

"ಅಲ್ವೇ, ನಿನ್ನ ಕಸಿ ಸರಿಯಾಗೇ ಇತ್ತು ಅಂದ್ಯಲ್ಲ."

ಅತ್ತೆ ತಲೆ ತಗ್ಗಿಸಿದಳು.

"ಅದಂತೂ ನಿಜ ಬಿಡು," ಎಂದರು ಮಾವ. "ಅರವತ್ತಕ್ಕೆ ಅರವತ್ತೂ ಹಿಡೀತಲ್ಲ."